ಮೆಹಮಾನ್ ಟೈರು

ಚಿತ್ರದುರ್ಗ
6 ಜನವರಿ 2025, ಸೋಮವಾರ

ಪ್ರಿಯ ಭಾಗ್ಯ,

ಒಂದು ಮಾತನ್ನು ಹೇಳದೆ ಬಿಟ್ಟುಬಿಡುವುದರಲ್ಲಿದ್ದೆ. ನೀವು ಭರಮಸಾಗರಕ್ಕೆ ಹೋಗಿ ನೋಡಿ ಬಂದ ಆ ಬಿಳಿ ವ್ಯಾನು ನನಗೆ ಹೊಸದಲ್ಲ. ಆರು ವರ್ಷದಿಂದ ಅದರ ರಿಪೇರಿ ನಮ್ಮ ಗ್ಯಾರೇಜಿನಲ್ಲೇ ನಡೆದಿದೆ. ಮಾಲೀಕ ರವೀಂದ್ರ ನನ್ನ ತಮ್ಮ ಇಸ್ರಾರನ ಖಾಯಂ ಗಿರಾಕಿ. ನೀನು ಫೋನಿನಲ್ಲಿ ಗಾಡಿ ನಂಬರು ಹೇಳಿದಾಗಲೇ ನನಗೆ ಗೊತ್ತಾಯಿತು. ಆದರೂ ‘ನೋಡಿ ಬರೆಯುತ್ತೇನೆ’ ಅಂದೆ ಅಷ್ಟೆ. ಸಂಬಂಧವಿಲ್ಲದವಳ ಹಾಗೆ ಸಲಹೆ ಕೊಡುವುದು ಹೆಚ್ಚು ಗೌರವದ ಕೆಲಸ ಅನ್ನಿಸಿರಬೇಕು. ಈಗ ಹೇಳಿದ್ದೇನೆ. ನನ್ನ ಮಾತನ್ನು ಇದನ್ನು ತಿಳಿದುಕೊಂಡೇ ಓದು.

ಏನೇ ಕೊಂಡರೂ ನಿಮ್ಮ ಹೆಂಗಸರ ಸಂಘದಲ್ಲಿ ಗಟ್ಟಿಯಾಗಿ ಓದಲು ಒಂದು ಕಾಗದ ಇರಬೇಕು ಅಂದೆಯಲ್ಲ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಗಾಡಿ 2012ರದ್ದು, ಡೀಸೆಲ್, ಹದಿಮೂರು ಸೀಟು. ಇಂಜಿನ್ ಬಗ್ಗೆ ನನಗೆ ಹೆಚ್ಚಿನ ಭಯವಿಲ್ಲ. 2022ರಲ್ಲಿ ಬಿಚ್ಚಿ ಕಟ್ಟಿದ್ದಾರೆ. ಆದರೂ ಮತ್ತೊಮ್ಮೆ ನೋಡಲು ಹೋದಾಗ ಮುಂಚೆ ತಿಳಿಸದೆ ಬೆಳಿಗ್ಗೆಯೇ ಹೋಗಿ, ಇಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಮಾರುವವರು ಮೊದಲೇ ಒಂದು ಸುತ್ತು ಓಡಿಸಿ ಬಿಸಿ ಮಾಡಿ ಇಟ್ಟಿರುತ್ತಾರೆ. ಆಗ ಎಂಥ ಇಂಜಿನ್ನೂ ಒಂದೇ ಸಲಕ್ಕೆ ಹತ್ತುತ್ತದೆ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಅಲ್ಲಿಂದ ಹೊಗೆ ಬುಸುಗುಟ್ಟಬಾರದು. ಮೀಟರು 2019ರಿಂದ ನಿಂತಿದೆ, ಹಾಗಾಗಿ ಗಾಡಿ ಎಷ್ಟು ಓಡಿದೆ ಎಂದು ಯಾರೂ ಹೇಳಲಾರರು.

ನನ್ನ ಪುಸ್ತಕದ ವಿಷಯ ನಿನಗೆ ಗೊತ್ತೇ ಇದೆ. ಹತ್ತೊಂಬತ್ತನೇ ವಯಸ್ಸಿನಿಂದ ಗ್ಯಾರೇಜಿಗೆ ಬಂದ ಒಂದೊಂದು ಗಾಡಿಗೂ ಬೇರೆ ಬೇರೆ ಪುಟ ಇಟ್ಟು ಬರೆಯುತ್ತಿದ್ದೇನೆ. ವರ್ಷಕ್ಕೊಮ್ಮೆ ಗಾಡಿ ಎಫ್‌ಸಿ, ಅಂದರೆ ಸರ್ಕಾರದ ಫಿಟ್‌ನೆಸ್ ತಪಾಸಣೆಗೆ ಹೊರಡುವ ಬೆಳಿಗ್ಗೆ, ಪಾಠ ಮಾಡಲು ಶಾಲೆಗೆ ಹೋಗುವ ಮುಂಚೆ, ಅಂಗಳದಲ್ಲಿ ಅದರ ಸುತ್ತ ಒಂದು ಸುತ್ತು ಬಂದು ಬ್ರೇಕು, ಲೈಟು, ಟೈರು, ಟೈರಿನ ನಂಬರು ಎಲ್ಲವನ್ನೂ ಬರೆದಿಡುತ್ತೇನೆ. ಟೈರಿನ ಗೀರು ಎಷ್ಟು ಮಿಲಿಮೀಟರ್ ಆಳ ಉಳಿದಿದೆ ಎಂದು ಒಳಗೆ, ನಡುವೆ, ಹೊರಗೆ ಹೀಗೆ ಮೂರು ಕಡೆ ಸ್ಕೇಲಿನಲ್ಲಿ ಅಳೆಯುತ್ತೇನೆ. ಊರಲ್ಲಿ ಹಳೇ ಗಾಡಿ ಕೊಳ್ಳುವವರು ನಮ್ಮಲ್ಲಿಗೆ ಬಂದು ಈ ಪುಟ ಕೇಳುವುದುಂಟು. ಅಬ್ಬಾ ಇದ್ದಾಗ ಅದಕ್ಕೆ ಬಹಳ ಹೆಮ್ಮೆಪಡುತ್ತಿದ್ದರು.

2021ರಿಂದ 2024ರವರೆಗಿನ ನಾಲ್ಕು ತಪಾಸಣೆಯ ಪುಟಗಳ ಜೆರಾಕ್ಸ್ ಇದರ ಜೊತೆ ಇದೆ. ನಾಲ್ಕೂ ಸಲ ಗಾಡಿ ಮೊದಲ ದಿನವೇ ಪಾಸಾಗಿದೆ.

ಕೊಳ್ಳಬಹುದೇ ಎಂದು ನೀನು ಕೇಳಿದ್ದೆ. ಅದನ್ನು ನೀವೇ ತೀರ್ಮಾನಿಸಬೇಕು.

ನಿನ್ನ
ಹುಮೇರಾ

—

ಹೊಸದುರ್ಗ
15 ಜನವರಿ 2025

ಹುಮೇರಾ,

ಎಳ್ಳು ಬೆಲ್ಲ ಪೋಸ್ಟಲ್ಲಿ ಕಳಿಸಿದ್ರೆ ಇರುವೆ ತಿಂತವೆ ಅಂತ ಕಳಿಸಿಲ್ಲ. ಬಂದಾಗ ತಿನ್ನು.

ನಿನ್ನ ಕಾಗದ ನಿನ್ನೆ ಹಬ್ಬದ ದಿನಾನೇ ಸಂಘದಾಗೆ ಓದಿದೆ. ಹದಿಮೂರು ಜನಾನೂ ಕುಂತು ಕೇಳಿದ್ರು. ‘ಅದನ್ನು ನೀವೇ ತೀರ್ಮಾನಿಸಬೇಕು’ ಅಂತ ಓದಿದ ಕೂಡ್ಲೆ ಬರಗೇರಮ್ಮ, ‘ಇಂಗ್ಲಿಷ್ ಸ್ಕೂಲಾಗೆ ಓದಿದೋರು ಹಿಂಗೇ, ಎಲ್ಲಾ ಹೇಳಿ ಕೊನಿಗೆ ಕೈ ತೊಳ್ಕಂತಾರೆ’ ಅಂದ್ಲು. ಬೇಜಾರು ಮಾಡ್ಕಬೇಡ. ಏಳನೇ ಕ್ಲಾಸಿನ ತನಕ ನಾನೂ ನಿನ್ನ ಪಕ್ಕದಾಗೇ ಕುಂತು ಓದಿದೋಳು, ಹಂಗಾಗಿ ಅದು ನಂಗೂ ಬಿತ್ತು ಅಂತ ನಕ್ಕೆ.

ನಮ್ಮೂರ ರಂಗಯ್ಯ ಮೂವತ್ತು ವರ್ಷ ಲಾರಿ ಓಡಿಸಿದೋರು. ಅವರಿಗೆ ನಿನ್ನ ಜೆರಾಕ್ಸ್ ಕೊಟ್ಟೆ. ಕನ್ನಡಕ ಏರಿಸಿ ಅರ್ಧ ಗಂಟೆ ನೋಡಿದ್ರು. ಬ್ರೇಕು ಲೈಟು ಎಲ್ಲಾ ಬಿಟ್ಟು ಟೈರಿನ ಲೆಕ್ಕದ ಮೇಲೇ ಬೆರಳಿಟ್ರು. ‘ಏನಮ್ಮ, ನಾಕು ವರ್ಷದಾಗೆ ಟೈರು ಸವೆದೇ ಇಲ್ಲ. ಏಳು, ಏಳು, ಏಳು, ಆರೂವರೆ. ಅಂದ್ರೆ ಗಾಡಿ ಜಾಸ್ತಿ ಓಡಿಲ್ಲ. ಒಳಗೂ ಹೊರಗೂ ಒಂದೇ ಸಮ ಐತೆ. ಗಾಡಿ ಸೊಟ್ಟ ಇದ್ರೆ ಟೈರು ಒಂದು ಕಡೆ ತಿಂತೈತೆ. ಇದು ನೆಟ್ಟಗೈತೆ. ಹಿಂಗೆ ಬರೆದಿಟ್ಟೋರನ್ನ ನಾನು ಎಲ್ಲೂ ನೋಡಿಲ್ಲ. ತಗಳ್ರಿ’ ಅಂದ್ರು.

ಅಲ್ಲಿಗೆ ಎಲ್ಲರ ಮನಸ್ಸೂ ಗಟ್ಟಿ ಆಯ್ತು. ನಿಂಗೊತ್ತಲ್ಲ, ದಾಳಿಂಬೆ ತೋಟದ ಕೆಲಸ ಅಂದ್ರೆ ಇವತ್ತು ಹಿರಿಯೂರು, ನಾಳೆ ಹೊಳಲ್ಕೆರೆ. ಗಿಡ ಸವರೋದು, ಹಣ್ಣು ಆರಿಸೋದು, ಎಲ್ಲಿ ಕರೀತಾರೋ ಅಲ್ಲಿಗೆ. ಇಷ್ಟು ದಿನ ಲಗೇಜ್ ಆಟೋದಾಗೆ ನಿಂತ್ಕಂಡೇ ಹೋಗ್ತಿದ್ವಿ. ಹೋದ ವರ್ಷ ಹೊರಕೆರೆದೇವಪುರದ ಇಳಿಜಾರಿನಾಗೆ ಆಟೋ ಮಗುಚಿ ದಾಕ್ಷಾಯಣಮ್ಮನ ಕೈ ಮುರೀತಲ್ಲ, ಆ ಕೈಯಾಗೆ ಇವತ್ತಿಗೂ ಕತ್ತರಿ ಹಿಡಿಯಾಕೆ ಆಗಲ್ಲ. ಅವತ್ತೇ ನಮ್ಮದೇ ಗಾಡಿ ತಗಳಾಣ ಅಂತ ತೀರ್ಮಾನ ಆಗಿದ್ದು. ಓಡ್ಸಾಕೆ ನನ್ನ ತಂಗಿ ಮಗಳು ಸ್ವಾತಿ. ಲೈಸೆನ್ಸ್ ಬಂದೈತೆ.

ಒಂದೇ ಒಂದು ಅನುಮಾನ. ಇವತ್ತು ನೀನು ಹೇಳಿದಂಗೆ ಬೆಳಿಗ್ಗೆ ಏಳಕ್ಕೇ ಹೋದ್ವಿ. ಸ್ಟಾರ್ಟು ಚೆನ್ನಾಗಾಯ್ತು, ಹೊಗೆನೂ ಇಲ್ಲ. ಆದ್ರೆ ಸ್ವಾತಿ ಕೆರೆ ಏರಿ ಮೇಲೆ ಓಡಿಸಿದಾಗ ‘ಆಂಟಿ, ಎಡಕ್ಕೆ ಎಳೀತೈತೆ’ ಅಂದ್ಲು. ‘ಡಿಸೆಂಬರ್‌ನಾಗೆ ಹೊಸ ಟೈರು ಹಾಕ್ಸಿದೀನಿ, ಇನ್ನೂ ಕುಂತಿಲ್ಲ, ಅದಕ್ಕೆ’ ಅಂತಾರೆ ರವೀಂದ್ರ. ಹೌದಾ? ಇದೊಂದಕ್ಕೆ ಉತ್ತರ ಬರಿ. ನಿನ್ನ ಕಾಗದ ಫೈಲಿಗೆ ಹಾಕಿದೀವಿ, ಇದನ್ನೂ ಹಾಕ್ತೀವಿ.

ಭಾಗ್ಯ

—

ಚಿತ್ರದುರ್ಗ
22 ಜನವರಿ 2025

ಪ್ರಿಯ ಭಾಗ್ಯ,

ನಿನ್ನ ಕಾಗದ ಶನಿವಾರವೇ ಬಂತು. ಉತ್ತರ ತಡವಾಯಿತು. ಶಾಲೆಯಲ್ಲಿ ಪರೀಕ್ಷೆಯ ಕೆಲಸ.

ರಂಗಯ್ಯನವರು ಅಷ್ಟು ಗಮನವಿಟ್ಟು ನೋಡಿದ್ದಾರೆ ಎಂದು ಓದಿ ಸಂಕೋಚವಾಯಿತು. ಅದು ಗ್ಯಾರೇಜಿನ ಪುಸ್ತಕ ಅಷ್ಟೆ. ಆ ಒಂದು ಬೆಳಿಗ್ಗೆ ಕಂಡದ್ದನ್ನು ಬರೆದಿರುತ್ತೇನೆ. ಅದಕ್ಕಿಂತ ಹೆಚ್ಚಿನ ಅರ್ಥ ಅದಕ್ಕೆ ಇರಬೇಕಾಗಿಲ್ಲ.

ಗಾಡಿ ಎಡಕ್ಕೆ ಎಳೆಯುವುದಕ್ಕೆ ಹಲವು ಕಾರಣ ಇರಬಹುದು. ಗಾಳಿ ಹೆಚ್ಚುಕಡಿಮೆ ಆಗಿದ್ದರೂ ಎಳೆಯುತ್ತದೆ. ಕೆರೆ ಏರಿಯ ಮೇಲೆ ರಸ್ತೆಯೇ ಎಡಕ್ಕೆ ವಾಲಿದೆ. ವೀಲ್ ಅಲೈನ್‌ಮೆಂಟ್ ಮಾಡಿಸಿಕೊಡಲು ರವೀಂದ್ರನಿಗೆ ಹೇಳಿ.

ಸೀಟುಗಳ ವಿಷಯ ಹೋದ ಸಲ ಬರೆಯಲಿಲ್ಲ. ಕೊನೆಯ ಸಾಲಿನ ಸೀಟಿನ ಅಡಿಯ ಕಬ್ಬಿಣ ತುಕ್ಕು ಹಿಡಿದಿದೆ, ವೆಲ್ಡಿಂಗ್ ಬೇಕಾಗುತ್ತದೆ. ಕವರುಗಳನ್ನು ರೆಕ್ಸಿನ್‌ನಲ್ಲಿ ಹೊಲಿಸುವುದು ಒಳ್ಳೆಯದು, ದಾಳಿಂಬೆ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಇಲ್ಲಿ ನಮಗೆ ಗೊತ್ತಿರುವ ಟೇಲರ್ ಒಬ್ಬರಿದ್ದಾರೆ. ಬಾಗಿಲಿನ ರಬ್ಬರು ಸಹ ಬದಲಿಸಬೇಕು, ಇಲ್ಲದಿದ್ದರೆ ಧೂಳು ಒಳಗೆ ಬರುತ್ತದೆ. ಹಸಿರು ಬಣ್ಣದ ರೆಕ್ಸಿನ್ ಬಿಸಿಲಿಗೆ ಬೇಗ ಮಾಸುವುದಿಲ್ಲವಂತೆ.

ದಾಕ್ಷಾಯಣಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರ ಕೈಯ ವಿಷಯ ಓದಿದ ಮೇಲೆ ಎರಡು ಮೂರು ಸಲ ನೆನಪಾದರು.

ಹುಮೇರಾ

—

ಹೊಸದುರ್ಗ
29 ಜನವರಿ 2025

ಹುಮೇರಾ,

ನಾನು ಕೇಳಿದ್ದು ಸ್ಟೇರಿಂಗು, ನೀನು ಬರೆದಿದ್ದು ರೆಕ್ಸಿನ್ನು. ಸಂಘದಾಗೆ ಓದೋವಾಗ ನಂಗೇ ನಾಚಿಕೆ ಆಯ್ತು. ಸ್ವಾತಿ ಮುಖ ಸಣ್ಣದು ಮಾಡ್ಕಂಡು, ‘ನಂಗೆ ಓಡ್ಸಾಕೆ ಬರಲ್ಲ ಅಂತ ಅವ್ರಿಗೆ ಅನ್ಸೈತೆ. ಅದಕ್ಕೇ ರೋಡು ವಾಲೈತೆ ಅಂತ ಬರೆದಾರೆ’ ಅಂದ್ಲು. ಅದೇನಾ ನಿನ್ನ ಮನಸ್ಸಿನಾಗಿರೋದು? ಇಲ್ಲ, ನಿನ್ನ ತಮ್ಮಂಗೆ ಈ ಗಾಡಿ ಬೇರೆ ಯಾರಿಗಾದ್ರೂ ಕೊಡ್ಸಾಕೆ ಇಷ್ಟ ಐತಾ? ಹಂಗಿದ್ರೆ ನೇರ ಹೇಳು, ನಾನೇನು ತಪ್ಪು ತಿಳ್ಕಳಲ್ಲ. ಹೆಂಗಸರ ಕೈಗೆ ಗಾಡಿ ಬೇಡ ಅಂತ ಹೇಳಿದ ಗಂಡಸರ ಮಾತು ಬೇಕಾದಷ್ಟು ಕೇಳಿದೀವಿ. ನೀನೂ ಹಂಗೆ ಅಂದ್ಕಂಡ್ರೆ ಮಾತ್ರ ನಂಗೆ ನೋವಾಗ್ತೈತೆ.

ಅಲೈನ್‌ಮೆಂಟ್ ಮಾಡ್ಸಿದ್ರು. ಸ್ವಲ್ಪ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ರಂಗಯ್ಯಂಗೂ ಮನಸ್ಸಿನಾಗೆ ಒಂಚೂರು ಅಳುಕು ಬಂತು. ಆದ್ರೆ ಮತ್ತೆ ನಿನ್ನ ಪುಟ ತೆಗೆದು ನೋಡಿ, ‘ಬರವಣಿಗೆ ಹಿಂಗಿರೋವಾಗ ನಾವು ಸುಮ್ನೆ ಅನುಮಾನ ಪಡಬಾರದು’ ಅಂದ್ರು. ಹಂಗಾಗಿ ಫೆಬ್ರವರಿ ಹತ್ತು, ಸೋಮವಾರ, ಅಡ್ವಾನ್ಸ್ ಕೊಡೋದು ಅಂತ ಆಗೈತೆ. ಮಾರನೇ ದಿನಾನೇ ಗಾಡಿ ತರ್ತೀವಿ.

ಹೋದ ವಾರ ಹಿರಿಯೂರು ಕಡೆ ಒಂದು ತೋಟದ ಕೆಲಸ ಬಿಟ್ಟು ಬಂದ್ವಿ. ಬಾಕ್ಸ್ ತುಂಬೋವಾಗ ಮೇಲಿನ ಸಾಲಿಗೆ ದಪ್ಪ ಹಣ್ಣು, ಕೆಳಗೆಲ್ಲ ಒಡೆದಿದ್ದು ಇಡ್ರಿ ಅಂದ್ರು ತೋಟದೋರು. ದಾಕ್ಷಾಯಣಮ್ಮ ಆಗಲ್ಲ ಅಂದ್ರು. ‘ಎಲ್ಲಾ ಕಡೆ ಹಿಂಗೇ ಇಡ್ತಾರೆ ಕಣಮ್ಮ, ನೀವೇನು ಹೊಸಬರಾ?’ ಅಂದ್ರೆ, ಅವರು ಆ ಬಗ್ಗಿದ ಕೈ ತೋರ್ಸಿ ‘ನಾನು ಮುಚ್ಚಿದ್ದು ನಾನೇ ಬಿಚ್ಚಲ್ಲ ಸ್ವಾಮಿ, ಯಾರೋ ಬಿಚ್ತಾರೆ’ ಅಂದು ಇನ್ನೊಂದು ಕೈಯಾಗೆ ಕತ್ತರಿ ಎತ್ಕಂಡು ಹೊರಟೇಬಿಟ್ರು. ನಾಕು ದಿನದ ಕೆಲಸ ಹೋಯ್ತು. ಬರಗೇರಮ್ಮ ದಾರಿ ಉದ್ದಕ್ಕೂ ಬೈದ್ಲು, ಆದ್ರೆ ಅವಳೂ ಎದ್ದು ಬಂದ್ಲು.

ಇದನ್ನ ಯಾಕೆ ಬರೆದೆ ಗೊತ್ತಿಲ್ಲ. ನೀನು ಮೊದಲಿನ ಹಂಗೆ ಬರೆದ್ರೆ ಸಾಕು ಅನ್ಸಿತು.

ಭಾಗ್ಯ

—

ಚಿತ್ರದುರ್ಗ

ಪ್ರಿಯ ಭಾಗ್ಯ,

ಮೇಲೆ ತಾರೀಖು ಹಾಕಿಲ್ಲ. ಮರೆತದ್ದಲ್ಲ, ಕೊನೆಯಲ್ಲಿ ಹಾಕುತ್ತೇನೆ.

ಮೊನ್ನೆ ಫೋನಿನಲ್ಲಿ ‘ಕಾಗದ ಬರುವವರೆಗೆ ಅಡ್ವಾನ್ಸ್ ಕೊಡಬೇಡ’ ಎಂದಷ್ಟೇ ಹೇಳಿದೆ. ನೀನು ಏನಾಯಿತು ಎಂದು ಕೇಳಿದೆ, ನಾನು ಹೇಳಲಿಲ್ಲ. ಬಾಯಲ್ಲಿ ಹೇಳಿದರೆ ನಾಳೆ ಅದನ್ನು ಸ್ವಲ್ಪ ಮೆದು ಮಾಡಿ ಇನ್ನೊಂದು ರೀತಿ ಹೇಳಬಹುದು. ನನಗೆ ಆ ಅಭ್ಯಾಸ ಇದೆ. ಕಾಗದ ನಿಮ್ಮ ಫೈಲಿನಲ್ಲಿ ಇರುತ್ತದೆ. ಇದನ್ನೂ ಗಟ್ಟಿಯಾಗಿ ಓದು, ರಂಗಯ್ಯನವರನ್ನೂ ಕರೆಸಿ ಓದು.

ಮೊದಲು ಸ್ವಾತಿಗೆ. ಗಾಡಿ ಎಡಕ್ಕೆ ಎಳೆಯುತ್ತದೆ ಎಂದು ಅವಳು ಹೇಳಿದ್ದು ಸರಿ. ರಸ್ತೆಯ ತಪ್ಪಲ್ಲ, ಅವಳ ಕೈಯ ತಪ್ಪೂ ಅಲ್ಲ. ನಮ್ಮೆಲ್ಲರಲ್ಲಿ ಆ ಗಾಡಿಯನ್ನು ಸರಿಯಾಗಿ ನೋಡಿದವಳು ಅವಳೊಬ್ಬಳೇ.

ನಮ್ಮ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ನಾಲ್ಕು ಟೈರುಗಳಿವೆ. ಒಳ್ಳೆಯ ಟೈರುಗಳು. ಅಬ್ಬಾ ಅವನ್ನು ಮೆಹಮಾನ್ ಎಂದು ಕರೆಯುತ್ತಿದ್ದರು, ಅಂದರೆ ನೆಂಟರು. ಯಾವುದಾದರೂ ಗಾಡಿ ಎಫ್‌ಸಿಗೆ ಹೊರಡುವ ಹಿಂದಿನ ಸಂಜೆ ಅದರ ಸವೆದ ಟೈರು ಬಿಚ್ಚಿ ಇವನ್ನು ಹಾಕುತ್ತಾರೆ. ಪಾಸಾಗಿ ಬಂದ ಮೇಲೆ ಮತ್ತೆ ಬಿಚ್ಚಿಡುತ್ತಾರೆ. ತಪಾಸಣೆ ಮಾಡುವವರು ತಮ್ಮ ಎದುರಿಗಿದ್ದದ್ದನ್ನು ಸರಿಯಾಗಿಯೇ ನೋಡಿದ್ದಾರೆ. ಮಾರನೇ ಬೆಳಿಗ್ಗೆ ಸ್ಕೇಲು ಹಿಡಿದು ನಾನು ಅಳೆದದ್ದೂ ಅದನ್ನೇ. ರವೀಂದ್ರನ ವ್ಯಾನಿನ ಪುಟಗಳಲ್ಲಿ ನಾಲ್ಕು ವರ್ಷವೂ ಇರುವುದು ನೆಂಟರ ಅಳತೆ. ಅದಕ್ಕೇ ಸವೆದಿಲ್ಲ, ಅದಕ್ಕೇ ಒಂದೇ ಸಮ ಇದೆ. ವರ್ಷದಲ್ಲಿ ಹತ್ತಾರು ದಿನ ಮಾತ್ರ ರಸ್ತೆ ಕಾಣುವ ಟೈರುಗಳು ಅವು.

ಜೆರಾಕ್ಸ್ ಮಾಡುವಾಗ ನನಗೆ ಇದು ಗೊತ್ತಿತ್ತೇ ಎಂದು ನಾಲ್ಕೈದು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿತ್ತು. ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು, ‘ಮೆಹಮಾನ್ ಇವತ್ತು ಯಾರ ಮನೆಗೆ?’ ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದೆವು. ಆದರೆ ನಾನು ಬರೆದ ಯಾವ ಅಂಕಿಯೂ ಸುಳ್ಳಲ್ಲ. ಆ ಬೆಳಿಗ್ಗೆ ಆ ಗಾಡಿಯ ಮೇಲೆ ಆ ಟೈರು ಇತ್ತು. ಇಷ್ಟು ವರ್ಷ ಈ ಒಂದು ಸಮಾಧಾನದ ಹಿಂದೆ ಕೂತಿದ್ದೆ. ಪುಸ್ತಕ ಹೆಚ್ಚು ಚೊಕ್ಕಟವಾದಷ್ಟೂ ಜನ ಅದನ್ನು ಹೆಚ್ಚು ನಂಬುತ್ತಾರೆ ಎಂಬುದನ್ನು ಯೋಚಿಸಲಿಲ್ಲ. ರಂಗಯ್ಯನವರು ತಮ್ಮ ಮೂವತ್ತು ವರ್ಷದ ಅನುಭವವನ್ನು ಪಕ್ಕಕ್ಕಿಟ್ಟು ನನ್ನ ಬರವಣಿಗೆಯನ್ನು ನಂಬಿದರು ಎಂದು ನೀನು ಬರೆದಾಗ ಆ ಸಮಾಧಾನ ಉಳಿಯಲಿಲ್ಲ.

ಭಾನುವಾರ ಗ್ಯಾರೇಜಿನ ಹಿಂದೆ ಹೋಗಿ ಹುಡುಕಿದೆ. ಡಿಸೆಂಬರಿನಲ್ಲಿ ರವೀಂದ್ರ ಬಿಚ್ಚಿಸಿದ ಹಳೇ ಟೈರುಗಳು ಅಲ್ಲೇ ಬಿದ್ದಿವೆ. ಮುಂದಿನ ಎಡಗಡೆಯದನ್ನು ಅಳೆದೆ. ಹೊರಗೆ ಆರು, ನಡುವೆ ನಾಲ್ಕು, ಒಳಗೆ ಏನೂ ಇಲ್ಲ, ತಂತಿ ಕಾಣುತ್ತದೆ. ರಂಗಯ್ಯನವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರಿಗೇ ಅರ್ಥವಾಗುತ್ತದೆ. ಇಸ್ರಾರನನ್ನು ಕೇಳಿದೆ. 2020ರ ಕೊನೆಯಲ್ಲಿ ಹಿರೇಗುಂಟನೂರಿನ ಹತ್ತಿರ ಗಾಡಿ ಮೋರಿಗೆ ಗುದ್ದಿ ಮುಂದಿನ ಆಕ್ಸಲ್ ಬಗ್ಗಿತ್ತಂತೆ. ಬೇರೆಲ್ಲೋ ಕಾಯಿಸಿ ನೆಟ್ಟಗೆ ಮಾಡಿಸಿದ್ದಾರೆ. ನಮ್ಮಲ್ಲಿ ಮಾಡಿದ ಕೆಲಸ ಅಲ್ಲ, ಹಾಗಾಗಿ ನನ್ನ ಪುಸ್ತಕಕ್ಕೆ ಬರಲಿಲ್ಲ. ಟೈರು ನಿಜ ಹೇಳುತ್ತಿತ್ತು, ಆದರೆ ತಪಾಸಣೆಯ ದಿನ ಅದು ಗಾಡಿಯ ಮೇಲೆ ಇರುತ್ತಿರಲಿಲ್ಲ.

ಹದಿಮೂರು ಜನ ಕೂತು ಹೊರಕೆರೆದೇವಪುರದ ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಆ ಗಾಡಿ ಎಡಕ್ಕೆ ಎಷ್ಟು ತಿರುಗುತ್ತದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಮೊದಲ ಸಲ ನೀನು ನನ್ನ ಮಾತು ಬಯಸಿದ್ದೆ, ನಾನು ತೀರ್ಮಾನ ನಿಮ್ಮದು ಅಂದೆ. ಬರಗೇರಮ್ಮ ಹೇಳಿದ್ದು ನಿಜ, ಅದು ಕೈ ತೊಳೆದುಕೊಂಡದ್ದೇ. ಈ ಸಲ ಹೇಳುತ್ತೇನೆ. ಈಗಿರುವ ಸ್ಥಿತಿಯಲ್ಲಿ ಆ ಗಾಡಿಯನ್ನು ಕೊಳ್ಳಬೇಡಿ. ಆಕ್ಸಲ್ ಪೂರ್ತಿ ಬದಲಾಯಿಸಿ, ನಮ್ಮದಲ್ಲದ ಬೇರೆ ಗ್ಯಾರೇಜಿನಲ್ಲಿ, ರಂಗಯ್ಯನವರು ಎದುರಿಗೆ ನಿಂತು ನೋಡಿ ಒಪ್ಪಿದರೆ ಆಮೇಲೆ ಯೋಚಿಸಿ.

ಇಸ್ರಾರ್‌ಗೆ ನಾನು ಹೀಗೆ ಬರೆಯುತ್ತಿದ್ದೇನೆ ಎಂದು ಹೇಳಿದೆ. ಕೂಗಾಡಲಿಲ್ಲ. ಅವನು ಕೂಗಾಡುವವನಲ್ಲ. ಸ್ಪ್ಯಾನರ್ ಒರೆಸುತ್ತಾ ಕೂತಿದ್ದ. ಮನೆಯಲ್ಲಿ ಮಾತಾಡುವುದು ಉರ್ದು, ನಿನಗೆ ಕನ್ನಡದಲ್ಲಿ ಹೇಳುತ್ತೇನೆ.

‘ಊರಲ್ಲಿ ಯಾರು ಹಾಕಲ್ಲ ಹೇಳು ಆಪಾ. ನಿನ್ನ ಪುಸ್ತಕ ನೋಡಿ ಜನ ನಮ್ಮಲ್ಲಿಗೆ ಬರ್ತಾರೆ. ಅದನ್ನ ನೀನೇ ಹರಿದು ಹಾಕ್ತೀಯಾ? ಅಬ್ಬಾ ಹೆಸರು ಏನಾಗುತ್ತೆ?’

ಅಬ್ಬಾ ಕೆಟ್ಟವರಾಗಿರಲಿಲ್ಲ. ಬಡ ಡ್ರೈವರುಗಳ ಒಂದು ದಿನದ ಬಾಡಿಗೆ ಉಳಿಯಲಿ ಎಂದೇ ಶುರು ಮಾಡಿದ್ದು, ಅದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಇದನ್ನು ಹೇಳೋಣ ಅಂದುಕೊಳ್ಳುವಷ್ಟರಲ್ಲಿ ಬಾಗಿಲ ಹತ್ತಿರ ಸೊಪ್ಪು ಸೋಸುತ್ತಿದ್ದ ನಮ್ಮ ಅಮ್ಮಿ ತಲೆ ಎತ್ತದೆ ಅಂದರು:

‘ಮೆಹಮಾನ್ ಬಿಚ್ಚಿದ ಗಾಡಿಯಲ್ಲಿ ನಿಮ್ಮ ಅಬ್ಬಾ ನಮ್ಮನ್ನ ಯಾವತ್ತೂ ಕೂರಿಸಲಿಲ್ಲ.’

ನನಗೆ ಒಂದೊಂದೇ ಮದುವೆ, ಒಂದೊಂದೇ ಪ್ರಯಾಣ ನೆನಪಾಯಿತು. ಮನೆ ಮುಂದೆ ಗಿರಾಕಿಗಳ ಗಾಡಿ ಸಾಲಾಗಿ ನಿಂತಿದ್ದರೂ ನಾವು ಬಸ್ಸಿಗೇ ಹೋಗುತ್ತಿದ್ದೆವು. ಅಬ್ಬಾ ಸಂಕೋಚದ ಮನುಷ್ಯ, ಅದಕ್ಕೆ ಯಾರ ಗಾಡಿಯನ್ನೂ ಕೇಳುವುದಿಲ್ಲ ಎಂದುಕೊಂಡಿದ್ದೆ.

ನಿನ್ನೆ ಶಾಲೆಯಿಂದ ಬಂದು ಎರಡು ಕೆಲಸ ಮಾಡಿದೆ. ಪುಸ್ತಕದಲ್ಲಿ ಆ ನಾಲ್ಕು ಟೈರುಗಳ ನಂಬರು ಇರುವ ಪುಟಗಳನ್ನೆಲ್ಲ ಹುಡುಕಿ ‘ಇವು ಈ ಗಾಡಿಯ ಟೈರುಗಳಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಈವರೆಗೆ ನಲವತ್ತೊಂದು ಪುಟ. ಇನ್ನೂ ಹಳೆಯ ಪುಸ್ತಕಗಳಿವೆ. ಆ ಪುಟ ನೋಡಿ ಗಾಡಿ ಕೊಂಡವರಿಗೂ ಬರೆಯಬೇಕು, ಅವರ ವಿಳಾಸ ಹುಡುಕುತ್ತಿದ್ದೇನೆ. ಆಮೇಲೆ ಬಿಳಿ ಪೇಂಟು ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿ, ನಾಲ್ಕೂ ಮೆಹಮಾನ್‌ಗಳ ಪಕ್ಕೆಯ ಮೇಲೆ ದೂರದಿಂದಲೂ ಕಾಣುವ ಹಾಗೆ ನಮ್ಮ ಗ್ಯಾರೇಜಿನ ಹೆಸರು, ‘ಮಕ್ಸೂದ್ ಗ್ಯಾರೇಜ್’ ಎಂದು ಬರೆದೆ. ಇನ್ನು ಅವು ಯಾರ ಮನೆಗೂ ಗುಟ್ಟಾಗಿ ಹೋಗಲಾರವು. ಇಸ್ರಾರ್ ಬಂದು ನೋಡಿದ. ‘ಅಕ್ಷರ ಮಾತ್ರ ಚೆನ್ನಾಗಿದೆ’ ಅಂದ. ಅದು ಬೈಗುಳವೋ ಒಪ್ಪಿಗೆಯೋ ನನಗೆ ಇನ್ನೂ ತಿಳಿದಿಲ್ಲ.

ಮೊದಲು ನಿನಗೆ ಕಳಿಸಿದ್ದ ನಾಲ್ಕು ಪುಟಗಳನ್ನು ಕೆಂಪು ಶಾಯಿಯ ಸಮೇತ ಮತ್ತೆ ಜೆರಾಕ್ಸ್ ಮಾಡಿ ಇಟ್ಟಿದ್ದೇನೆ. ಹಳೆಯದರ ಜೊತೆಗೇ ಫೈಲಿಗೆ ಹಾಕು, ಅದನ್ನು ತೆಗೆಯಬೇಡ. ದಾಕ್ಷಾಯಣಮ್ಮನವರಿಗೆ, ನಾನು ಮುಚ್ಚಿದ್ದನ್ನು ಈ ಸಲ ನಾನೇ ಬಿಚ್ಚುತ್ತಿದ್ದೇನೆ ಎಂದು ಹೇಳು. ಮುಂದೆ ಇನ್ನೊಂದು ಗಾಡಿ ನೋಡಲು ಹೋಗುವಾಗ ನನ್ನನ್ನು ಕರೆಯುತ್ತೀರೋ ಇಲ್ಲವೋ, ಅದು ಸಂಘಕ್ಕೆ ಬಿಟ್ಟದ್ದು. ಕರೆದರೆ ಪುಸ್ತಕ ತರುವುದಿಲ್ಲ, ಸ್ಕೇಲು ತರುತ್ತೇನೆ.

ಇಂದು ಮಂಗಳವಾರ. ಇಸ್ರಾರ್ ಸಾಮಾನು ತರಲು ಹುಬ್ಬಳ್ಳಿಗೆ ಹೋಗಿದ್ದಾನೆ, ನಾಳೆ ಸಂಜೆ ಬರುತ್ತಾನೆ. ಅವನ ಹೆಸರೂ ಇದರಲ್ಲಿ ಇರುವುದರಿಂದ ಮೊದಲು ಅವನು ಓದಲಿ. ಓದಿ ತಾನೇ ಇಟ್ಟುಕೊಂಡರೂ ಸರಿ, ಹರಿದರೂ ಸರಿ, ರಾತ್ರಿಯೇ ಇನ್ನೊಂದು ಬರೆಯುತ್ತೇನೆ. ಗುರುವಾರ ಬೆಳಿಗ್ಗೆ ಅಂಚೆ ಕಚೇರಿ ತೆರೆಯುವ ಹೊತ್ತಿಗೆ ಅಲ್ಲಿರುತ್ತೇನೆ. ಸ್ಪೀಡ್ ಪೋಸ್ಟ್ ಶನಿವಾರದೊಳಗೆ ನಿನ್ನ ಕೈ ಸೇರಬೇಕು. ಸೇರದಿದ್ದರೆ ಭಾನುವಾರ ಮೊದಲ ಬಸ್ಸಿಗೆ ನಾನೇ ಬಂದು ಸಂಘದ ಮುಂದೆ ನಿಂತು ಓದುತ್ತೇನೆ.

ಹುಮೇರಾ

ಪೋಸ್ಟ್ ಮಾಡುವ ದಿನ: ಗುರುವಾರ, 6 ಫೆಬ್ರವರಿ 2025